ನೆತ್ತಿಯ ಕಂಡಿ

ಚಿತ್ರದಲ್ಲಿ ಕಡಲತೀರ. ಚಪ್ಪರದಡಿ ನಗುವ ನಾಲ್ಕು ಮಂದಿ,
ಒಬ್ಬಳ ಕೂದಲೂ ಕೆದರಿಲ್ಲ.
"ಇದರಲ್ಲಿ ಗಾಳಿ ಎಲ್ಲಿದೆ, ಮಾರೂಸಿಚ್?" ಅಂದೆ.
ಅಂಗಡಿಯವ ಚಿತ್ರವನ್ನು ತಿರುಗಿಸಿ ನೋಡಿದ,
ಹಿಂದೆ ಅಡಗಿದೆಯೇನೋ ಎಂಬಂತೆ.

ಪೆಟಗೋನಿಯದ ಈ ತುದಿಯಲ್ಲಿ, ರಿಯೋ ಗಾಯೇಗೋಸ್‌ನಲ್ಲಿ,
ಮಳೆ ಅಪರೂಪದ ನೆಂಟ.
ಗಾಳಿ ಮನೆಅಳಿಯ.
ನಮಗಿಂತ ಮೊದಲೇ ಎದ್ದು ಬಾಗಿಲು ಬಡಿಯುತ್ತದೆ,
ಹೋಗು ಎನ್ನುವ ಹಾಗಿಲ್ಲ.
ಕಾರಿನ ಮೂತಿ ಪಡುವಣಕ್ಕೆ ಮಾಡಿಯೇ ನಿಲ್ಲಿಸಬೇಕು,
ಇಲ್ಲದಿದ್ದರೆ ಬಾಗಿಲು ಕೈಗೇ ಬರುತ್ತದೆ.

ನಾನು ಮಾರುವುದು ಕರಿದ ರೊಟ್ಟಿ, ಕಲಫಾತೆ ಹಣ್ಣಿನ ಜಾಮು,
ಭಾನುವಾರದ ಸಂತೆ, ನದಿಯ ದಂಡೆ.

ಮೊದಲ ಚಪ್ಪರಕ್ಕೆ ಹಕ್ಕಿಮೂಳೆಯಂಥ ಅಲ್ಯುಮಿನಿಯಂ ಕಾಲು.
ಒಂದೇ ಕೈಯಲ್ಲಿ ಎತ್ತಬಹುದು ಎಂದು ಹಿಗ್ಗಿದ್ದೆ.
ಗಾಳಿಗೂ ಹಾಗೇ ಅನಿಸಿತು.

ಎರಡನೆಯದರ ಕಾಲು ಗಟ್ಟಿ, ಗೂಟ ಗಟ್ಟಿ, ಹಗ್ಗ ಗಟ್ಟಿ,
ಮಾಡು ಮಾತ್ರ ಬೋಗುಣಿ ಕವುಚಿದ ಹಾಗೆ.
ಒಳಹೊಕ್ಕ ಗಾಳಿಗೆ ಹೊರಡಲು ದಾರಿಯಿರಲಿಲ್ಲ,
ತಾನೇ ಮಾಡಿಕೊಂಡಿತು:
ನಾಲ್ಕೂ ಗೂಟಗಳನ್ನು ಹಲ್ಲು ಕಿತ್ತಂತೆ ಕಿತ್ತು
ಪಕ್ಕದಲ್ಲಿ ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದ
ಓವೀದಿಯೊ ಕಾಯೂನ್‌ನ ಬಲ ಹೆಗಲು ಮುರಿಯಿತು.

ಅವನು ಬಯ್ಯಲಿಲ್ಲ.
ಚೀಲೋಯೆ ದ್ವೀಪದವನು, ದೋಣಿಯಲ್ಲೇ ಮೀಸೆ ಮೂಡಿದವನು.
ಕೊರಳಿಗೆ ಕೈ ತೂಗುಹಾಕಿಕೊಂಡು ಮುಂದಿನ ವಾರ ಬಂದ,
ಎಡಗೈಯಲ್ಲೇ ನನ್ನ ಹರಿದ ಬಟ್ಟೆ ಮಡಿಸುತ್ತ ಅಂದ:
"ನೀನು ಕೊಂಡದ್ದು ಚಪ್ಪರವಲ್ಲ ಮಗಳೇ, ಹಾಯಿ.
ದೋಣಿಯೊಂದೇ ಕಮ್ಮಿ."

ಹಾಗಾಗಿ ಈ ಸಲ ಬಣ್ಣ ಕೇಳಲಿಲ್ಲ. ಬೆಲೆ ಆಮೇಲೆ.
ಕಾಲನ್ನು ಬೆರಳಿಂದ ತಟ್ಟಿ ಕಿವಿಗೊಟ್ಟೆ, ಮಡಕೆ ಕೊಳ್ಳುವವರ ಹಾಗೆ.
ಕೀಲಿನ ಪ್ಲಾಸ್ಟಿಕ್ಕನ್ನು ಉಗುರಲ್ಲಿ ಕೆರೆದೆ,
ಇಲ್ಲಿಯ ಚಳಿಗೆ ಬಿಸ್ಕತ್ತಿನಂತೆ ಮುರಿಯುವ ಜಾತಿ.
ಮೂಲೆಯನ್ನು ಒಳಮಗ್ಗುಲು ಮಾಡಿ ಹೊಲಿಗೆ ಎಣಿಸಿದೆ.
ಒಂದೇ ಸಾಲು.
"ಅಂಗಳದಲ್ಲಿ ನಿಲ್ಲಿಸಿ ತೋರಿಸು" ಅಂದೆ.
ಮಾರೂಸಿಚ್ ಕಿಟಕಿಯಾಚೆ ನೋಡಿದ.
ಪಾಪ್ಲರ್ ಮರಗಳು ಸೊಂಟ ಬಗ್ಗಿಸಿ ಏನೋ ಹುಡುಕುತ್ತಿದ್ದವು.
"ಇವತ್ತು ಬೇಡ" ಎಂದ, "ಗಾಳಿಯಿದೆ."

ಉಗ್ರಾಣದ ಕತ್ತಲಲ್ಲಿ ಇನ್ನೊಂದಿತ್ತು,
ಮೂರು ವರ್ಷದಿಂದ ಯಾರೂ ಒಯ್ಯದ್ದು.
ಉಕ್ಕಿನ ಕಾಲು, ಹೊರಲು ಇಬ್ಬರು ಬೇಕು.
ನೆತ್ತಿಯಲ್ಲೊಂದು ಕಂಡಿ, ಕಂಡಿಯ ಮೇಲೆ ಸಡಿಲವಾಗಿ
ಅದೇ ಬಟ್ಟೆಯ ಸಣ್ಣ ಟೋಪಿ.
"ತೂತಿದೆ ಅಂತ ಎಲ್ಲರೂ ಬಿಟ್ಟುಹೋಗುತ್ತಾರೆ,"
ಕೇಳುವ ಮೊದಲೇ ಬೆಲೆ ಇಳಿಸಿದ.
ನಾನು ಆ ತೂತಿಗೇ ದುಡ್ಡು ಕೊಟ್ಟೆ.

ಭಾನುವಾರ. ಕಾಲಿಗೊಂದು ಮರಳು ತುಂಬಿದ ಡ್ರಮ್ಮು.
ಹಗ್ಗ ಓರೆ, ಗೂಟದ ತಲೆ ಹೊರಕ್ಕೆ ವಾಲಿ.
ಪಡುವಣಕ್ಕೆ ಮಾತ್ರ ಗೋಡೆ, ಅದೂ ಬಲೆಯದು, ಸೊಂಟದ ತನಕ.
ಓವೀದಿಯೊ ಗಂಟುಗಳನ್ನು ಒಂದೊಂದಾಗಿ ಜಗ್ಗಿ ನೋಡಿದ,
ಎರಡನ್ನು ಬಿಚ್ಚಿ ತಾನೇ ಹಾಕಿದ.
ಮೂರನೆಯದು ಎತ್ತರದಲ್ಲಿತ್ತು, ಅವನ ಬಲಗೈ ಅಷ್ಟು ಏರದು,
ನಾನು ಬೇರೆಲ್ಲೋ ನೋಡಿದೆ.
"ನದಿಯ ನೀರು ಬೆಳ್ಳಗಾದ ಗಳಿಗೆ ಮಡಿಸಿಬಿಡು.
ಆಮೇಲೆ ಇದೂ ಬರೀ ಉಕ್ಕು."

ಹನ್ನೊಂದಕ್ಕೆ ಬಂತು.
ಬಾಗಿಲು ಬಡಿಯಲು ಬಂದು, ಬಾಗಿಲೇ ಇಲ್ಲದ್ದು ಕಂಡು,
ಒಳನುಗ್ಗಿ, ಹಿಟ್ಟಿನ ಚೀಲ ಮೂಸಿ,
ನೆತ್ತಿಯ ಕಂಡಿಯಿಂದ ಹೊರಟುಹೋಯಿತು.
ಮೇಲಿನ ಟೋಪಿ ಒಮ್ಮೆ ಎದ್ದು ಮತ್ತೆ ಕೂತಿತು,
ಹಿರಿಯರು ಹಾದುಹೋದಾಗ ನಾವು ಎದ್ದು ಕೂರುವಂತೆ.

ಗಿರಾಕಿಯೊಬ್ಬಳು ಡಜನ್ ರೊಟ್ಟಿ ಕೇಳಿದಳು.
ಬಲಗೈಯಲ್ಲಿ ಎಣಿಸಿದೆ, ಬಲಗೈಯಲ್ಲೇ ಪೊಟ್ಟಣ ಕಟ್ಟಿದೆ,
ಚಿಲ್ಲರೆಯನ್ನೂ ಅದರಲ್ಲೇ ಆಯ್ದೆ.
"ಇನ್ನೊಂದು ಕೈಗೇನಾಯಿತು?" ಅಂದಳು.

ನೋಡಿದೆ. ಚಪ್ಪರದ ಕಾಲನ್ನು ಹಿಡಿದು ನಿಂತಿತ್ತು,
ಯಾವಾಗಿನಿಂದಲೋ, ಬೆರಳ ಗಿಣ್ಣು ಬಿಳುಚಿ.