ಮೂವತ್ತೆಂಟು ಪೌಂಡಿಗೆ

ದಾಳ ಉರುಳಿಸಿ ಕಥೆ ಕಟ್ಟುವ ನಮ್ಮ ಆಟಕ್ಕೆ
ಹೊಸ ಪುರವಣಿ ಬಂದಿದೆ, ಕಡಲ್ಗಳ್ಳರದು.
ರಟ್ಟು ಗಟ್ಟಿ, ಮೇಲೆ ತಲೆಬುರುಡೆ, ಚಿನ್ನದ ಹೊಳಪು.
ಮೂವತ್ತೆಂಟು ಪೌಂಡು. ನ್ಯೂಲಿನ್ ಬಂದರಿನ ಈ ಅಂಗಡಿಯಲ್ಲಿ
ನಿಂತೇ ಅರ್ಧ ಓದಿ ಮುಗಿಸಿದ್ದೇನೆ;
ಮೆರಿನ್ ಎರಡು ಸಲ ಕೆಮ್ಮಿದಳು.

ಹಾಯಿಗಳಲ್ಲಿ ಹದಿನೇಳು ಬಗೆ. ಗಿಳಿಗೇ ಒಂದು ಅಧ್ಯಾಯ.
ಬಿರುಗಾಳಿಗೆ ಮಾತ್ರ ಒಂದೇ ದಾಳ:
ಆರು ಬಿದ್ದರೆ ಪಾರು,
ಒಂದು ಬಿದ್ದರೆ ಕೂವೆಮರ ಮುರಿಯಿತು.
ಗಾಳಿ ಅಷ್ಟು ಸಲೀಸೇ?
ನಕ್ಷೆಯ ತುಂಬ ದ್ವೀಪಗಳು, ಕುಡಿವ ನೀರು ಎಲ್ಲೂ ಇಲ್ಲ.
ಬರೆದವನು ದೋಣಿ ಹತ್ತಿದವನಲ್ಲ, ಬಿಡು,
ಎಂದು ಕಪಾಟಿಗೆ ಮರಳಿಸುತ್ತಿದ್ದೆ.

ಕ್ಲೆಮೊ ಕಸಿದುಕೊಂಡ. ಮೂವತ್ತು ವರ್ಷ ಬಲೆ ಎಳೆದವನು,
ಶುಕ್ರವಾರ ನಮ್ಮ ಮೇಜಿನಲ್ಲಿ ಸದಾ ಹಡಗಿನ ಅಡುಗೆಯವ.
ತುಟಿ ಅಲುಗಿಸುತ್ತ ಓದಿದ, ನೂರಾನಾಲ್ಕನೆಯ ಪುಟ:
ಕರಾರು. ಲೂಟಿ ಹಂಚುವ ಮುನ್ನ
ಗಾಯಾಳುಗಳ ಪಾಲು ತೆಗೆದಿಡತಕ್ಕದ್ದು.
ಬಲಗೈಗೆ ಆರುನೂರು ನಾಣ್ಯ, ಕಣ್ಣಿಗೆ ನೂರು,
ಬೆರಳೊಂದಕ್ಕೂ ನೂರು.

"ಬೆರಳಿಗೂ?" ಎಂದ.
ವಿಂಚಿನ ಹಗ್ಗ ನುಂಗಿ ಉಳಿಸಿದ ಎರಡು ಮೊಂಡುಗಳಿಂದ
ಆ ಸಾಲನ್ನು ಒತ್ತಿ ಹಿಡಿದಿದ್ದ.
ಆಗ ಕಂಪನಿ ಕಳಿಸಿದ್ದು
ಒಂದು ಕಾರ್ಡು, ಒಂದು ಬುಟ್ಟಿ ಕಿತ್ತಳೆ.

ನಗತೊಡಗಿದ. ಮೆರಿನ್ ಕೆಮ್ಮು ಮರೆತಳು.
"ಇನ್ನೂರು ನಾಣ್ಯ ಬರಬೇಕು ನನಗೆ, ಬರೆದುಕೋ."

ಅರ್ಧ ದುಡ್ಡು ಅವನದು, ಅರ್ಧ ನನ್ನದು.
ಗಿಳಿಯ ಅಧ್ಯಾಯ ನಾನು ಓದುವುದಿಲ್ಲ.
ನೀರಿನ ಲೆಕ್ಕ ಅಂಚಿನಲ್ಲಿ
ಪೆನ್ಸಿಲಿನಿಂದ ಗೀಚಿಕೊಂಡರಾಯಿತು.
ಬಿರುಗಾಳಿಗೆ ಎಷ್ಟು ದಾಳವೆಂದು
ಕ್ಲೆಮೊನನ್ನೇ ಕೇಳಬೇಕು.