ತಕ್ಕಡಿಯ ಮೇಲೆ ಹೆಬ್ಬೆರಳು

ಪಾತ್ರಾಸ್ ಬಂದರಿನಲ್ಲಿ ನನ್ನಪ್ಪ ಸ್ತಮಾತಿಸ್
ನಲವತ್ತು ವರ್ಷ ಒಣದ್ರಾಕ್ಷಿ ತೂಗಿದವನು.
ಈ ತಟ್ಟೆಗೆ ಇಟ್ಟಷ್ಟೇ ಆ ತಟ್ಟೆಗೆ;
ಒಂದು ಕಾಳು ಹೆಚ್ಚಾದರೂ ಅಲ್ಲಿ
ಯಾರದೋ ಹೆಬ್ಬೆರಳು ಕೂತಿದೆ, ಅನ್ನುತ್ತಿದ್ದ.

ನಾನು ತೂಗುವುದು ಗಾಳಿ.
ಊರಾಚೆ, ಬೆಟ್ಟದ ಬುಡದ ಪ್ರಯೋಗಾಲಯ, ರಾತ್ರಿ ಪಾಳಿ.
ಕೊಳವೆಯೊಳಗೆ ಬಿಳಿ ಪಿಂಗಾಣಿಯ ಬಿಲ್ಲೆ,
ಅದರ ಮೈಗೆ ಪ್ಲಾಟಿನಂ ಲೇಪ,
ಕುಂಚದಲ್ಲಿ ಹಚ್ಚಿದವಳು ನಾನೇ, ಕುಲುಮೆಯಲ್ಲಿ ಸುಟ್ಟವಳೂ.
ಮುನ್ನೂರೆಪ್ಪತ್ತು ಡಿಗ್ರಿ. ಎಥಿಲೀನ್ ಬರುತ್ತದೆ, ಆಮ್ಲಜನಕ ಬರುತ್ತದೆ,
ತೆರಿಗೆ ಕಚೇರಿಯ ಬೆಂಚಿನ ಮೇಲೆ ಕೂತವರಂತೆ
ಲೋಹದ ಮೇಲೆ ಕೂತೇ ಇರುತ್ತವೆ.
ಕೆಲಸ ಆಗುತ್ತದೆ. ನಿಧಾನ.

ಹನ್ನೊಂದೂವರೆಗೆ ಕರೆಂಟು ಕೊಟ್ಟೆ,
ಎಳ್ಳಷ್ಟು. ನಿಜಕ್ಕೂ ಎಳ್ಳಷ್ಟು:
ಊಟಕ್ಕೆ ತಂದ ಕುಲೂರಿ ರೊಟ್ಟಿಯಿಂದ ಉದುರಿ
ಲೆಕ್ಕದ ಪುಸ್ತಕದ ಮೇಲೆ ಬಿದ್ದಿತ್ತಲ್ಲ, ಅಂಥ ಒಂದು ಕಾಳು.
ಒಂದು ಅಯಾನು ಬಂದರೆ ಒಂದು ಕೆಲಸ, ಇದು ನಿಯಮ.
ಪೆನ್ನಿನ ಗೆರೆ ಕಾಗದದ ಮೇಲೆ ಮೆಲ್ಲಗೆ ತಲೆಯೆತ್ತಿತು,
ಎತ್ತಿತು,
ಎತ್ತುತ್ತಲೇ ಹೋಗಿ ಅಂಚಿಗೆ ಟಕಟಕ ಬಡಿದುಕೊಂಡಿತು.
ಒಂದಕ್ಕೆ ಸಾವಿರ.

ಸೋರಿಕೆ, ಅಂದುಕೊಂಡೆ. ಸಂದುಸಂದಿಗೂ ಸೋಪುನೀರು ಬಳಿದೆ,
ಒಂದು ಗುಳ್ಳೆ ಏಳಲಿಲ್ಲ.
ಪಕ್ಕದ ಕೋಣೆಯಲ್ಲಿ ಮಲಗಿದ್ದ ಥ್ರಾಸಿವುಲೋಸ್‌ನನ್ನು ಎಬ್ಬಿಸಿದೆ.
ಮೀಟರಿಗೆ ಒಂದು ಗುದ್ದು ಕೊಟ್ಟ.
ಕರೆಂಟು ತೆಗೆದ, ಗೆರೆ ಇಳಿಯಿತು. ಕೊಟ್ಟ, ಏರಿತು.
"ಎವಾಂಥಿಯಾ, ಎಲ್ಲೋ ಸೊನ್ನೆ ಜಾಸ್ತಿ ಹಾಕಿದ್ದೀಯ," ಅಂದು
ಮತ್ತೆ ಮಲಗಿದ.
ಸೊನ್ನೆಗಳನ್ನು ಎಣಿಸಿದೆ. ಇರಬೇಕಾದಷ್ಟೇ ಇದ್ದವು.

ನನಗನಿಸುವುದಿಷ್ಟು:
ಪಿಂಗಾಣಿಯೊಳಗಿಂದ ನುಸುಳಿ ಬಂದ ಈ ಆಮ್ಲಜನಕಕ್ಕೆ
ತಾನೇ ಉರಿದುಹೋಗುವ ಆತುರವಿಲ್ಲ.
ಲೋಹದ ಮೇಲೆಲ್ಲ ತೆಳ್ಳಗೆ ಹರಡಿಕೊಂಡು
ಮೊದಲೇ ಕೂತವರಿಗೆ
'ಸ್ವಲ್ಪ ಸರಿಯಿರಿ' ಅನ್ನುತ್ತದೆ.
ಹಿಡಿತ ಸಡಿಲವಾಗುತ್ತದೆ.
ಬೆಂಚೂ ಅದೇ, ಬೆಂಕಿಯೂ ಅದೇ,
ಸಾಲು ಮಾತ್ರ ಸರಸರ ಕರಗುತ್ತದೆ.

ಮೂರಕ್ಕೆ ಇಟಲಿಯ ಹಡಗು ಕೂಗಿತು.
ಅಪ್ಪನಿಗೆ ಫೋನು ಮಾಡೋಣವೆನಿಸಿತು. ಮಾಡಲಿಲ್ಲ,
ಏನನ್ನುತ್ತಾನೆಂದು ಗೊತ್ತು.
ಆದರೂ ಬಲಗೈ ಎತ್ತಿ ಹೆಬ್ಬೆರಳು ನೋಡಿಕೊಂಡೆ:
ಉಗುರಿನ ಸಂದಿಯಲ್ಲಿ ಒಣಗಿದ ಬೂದುಬಣ್ಣದ ಲೇಪ.

ನಾಲ್ಕಕ್ಕೆ ಕರೆಂಟು ಪೂರ್ತಿ ನಿಲ್ಲಿಸಿದೆ.
ಗೆರೆ ಇಳಿದು, ಇಳಿದು,
ಹಳೆಯ ಜಾಗಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿತು.
ಬೆಳಗಾದರೂ ಅಲ್ಲೇ ಇತ್ತು.

ಎಳ್ಳಿನ ಕಾಳನ್ನು ಬೆರಳಿಗೆ ಅಂಟಿಸಿಕೊಂಡು ತಿಂದೆ.