ನಲ್ಲಿ ಬಂದ ರಾತ್ರಿ

ಕೌಲ್ ಬಜಾರಿನ ನಮ್ಮ ಓಣಿಗೆ ಒಂಬತ್ತು ದಿನಕ್ಕೊಮ್ಮೆ ನಲ್ಲಿ.
ಬಂದ ರಾತ್ರಿಯೇ ನಾನು ಪ್ರಿಂಟು ಹಾಕುವುದು,
ಬೆಳ್ಳಿಯ ಕಾಗದಕ್ಕೆ ಎಷ್ಟು ತೊಳೆದರೂ ಸಾಲದು.
ಹನ್ನೊಂದು ಗಂಟೆಗೂ ಗೋಡೆ ಕಾದ ಹಂಚು.
ಡೆವಲಪರ್ ತಟ್ಟೆಯ ಸುತ್ತ ಸೋಡಾ ಅಂಗಡಿಯ ಮಂಜುಗಡ್ಡೆ ಇಟ್ಟು
ಥರ್ಮಾಮೀಟರು ಹಿಡಿದು ಕೂತಿರುತ್ತೇನೆ,
ಮಗುವಿನ ಜ್ವರ ಇಳಿಯಲೆಂದು ಕಾಯುವವಳ ಹಾಗೆ.

ಶೇಕ್ಷಾವಲಿ ಮಾಸ್ತರರು ಸ್ಟೂಲಿನ ಮೇಲೆ.
ಎರಡೂ ಕಣ್ಣಿಗೆ ಪೊರೆ.
ಈ ಎನ್ಲಾರ್ಜರ್ ಅವರದೇ; ಈ ಕತ್ತಲೆಯೂ.
ನಲವತ್ತು ವರ್ಷ ಊರ ಮದುಮಕ್ಕಳ ಗದ್ದ ಎತ್ತಿ
"ಇಲ್ಲಿ ನೋಡು, ಇಲ್ಲಿ" ಅಂದವರು.
ಖಾಸೀಂಬಿ ಮಾತ್ರ ಒಂದು ಸಲವೂ ನೋಡಲಿಲ್ಲ.
ಉಳಿದದ್ದು ಮೊಮ್ಮಗನ ಫೋನಿನಲ್ಲಿ ಒಂದೇ ಒಂದು:
ಮೊಣಕಾಲ ಮೇಲೆ ಅಕ್ಕಿಯ ಮೊರ, "ಬ್ಯಾಡೋ" ಎಂದು ಎತ್ತಿದ ಕೈ,
ಬೆರಳ ಸಂದಿಯಲ್ಲಿ ಅರ್ಧ ಮುಖ, ತಲೆ ಪೂರಾ ಬಿಳಿ.

ಬಣ್ಣ ತೆಗೆದೆ. ನೆರಳುಗಳನ್ನು ಒಂದೊಂದೇ ತೆರೆದೆ.
ಬಿಳಿಯನ್ನು ಕಪ್ಪು ಮಾಡಿದೆ, ಎಡವನ್ನು ಬಲ.
ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟರು ಕಿರುಗುಟ್ಟಿ ಬರೆದದ್ದನ್ನು
ಗಾಳಿಗೆ ಆರಿಸಿದೆ. ಎರಡು ಸಲ ಕೆಟ್ಟಿತು:
ಅದಿರಿನ ಧೂಳು, ಒಂದೇ ಕಣ,
ಅವಳೆಂದೂ ಇಡದ ಬೊಟ್ಟಿನಂತೆ ಹಣೆಗೆ ಕೂತು.

"ಇದಕ್ಕ ವಾಸನೀನ ಇಲ್ಲಲ್ಲವಾ" ಅಂದರು ಮಾಸ್ತರರು
ಹಾಳೆಯನ್ನು ಮೂಗಿಗೆ ಹಿಡಿದು.

ಆಗೆಲ್ಲ ಅದಿರು ತುಂಬಿದ ಗೂಡ್ಸು ಹಾದುಹೋದರೆ
ಎನ್ಲಾರ್ಜರ್ ನಡುಗಿ ಮುಖಗಳಿಗೆ ಎರಡೆರಡು ಅಂಚು.
ಈಗ ಹಾಳೆಗೆ ಕಾಗದ ಒತ್ತಿ ಮೇಲೊಂದು ಗಾಜು.
ರೈಲು ಹೋಗಲಿ ಬಿಡು.
ಹದಿನಾಲ್ಕು ಸೆಕೆಂಡು ಅವರೇ ಎಣಿಸಿದರು, ನಾಲಿಗೆ ಲೊಚಗುಟ್ಟಿ,
ಗಡಿಯಾರಕ್ಕಿಂತ ಕರಾರುವಾಕ್ಕು.

ಕೆಂಪು ದೀಪದಡಿ ಕಾಗದ ತಟ್ಟೆಗೆ ಜಾರಿತು.
"ಬಂತೇನವಾ ಹೊನ್ನೂರಿ?"
ಮೊರದ ನೆರಳು ಬಂತು.
"ಮತ್ತ?"
ಸೆರಗಿನ ಅಂಚು. ಬೆರಳ ಸಂದಿಗಳು.
"ಮುಖ?"
ತಡೀರಿ ಮಾಸ್ತರೇ, ಬೆಳಕಿನ ಕಡೆ ಇದ್ದದ್ದು ನಿಧಾನ ಬರತೈತಿ.
"ಇದನ್ನ ನನಗ ಹೇಳ್ತಿ" ಎಂದು ನಕ್ಕರು.
ಕಣ್ಣು ಬಂತು. ಸಿಟ್ಟು ಬಂತು. ಕೂದಲು ಬರಲೇ ಇಲ್ಲ,
ಕಾಗದದ ಬಿಳಿಯಾಗಿಯೇ ಉಳಿಯಿತು.

ನಸುಕಿಗೆ ನಲ್ಲಿ ನಿಂತಿತು. ಪ್ರಿಂಟು ಹಗ್ಗದ ಮೇಲೆ.
ಮಾಸ್ತರರು ಅದರ ಕಡೆ ತಿರುಗಲಿಲ್ಲ.
ಪ್ಲಾಸ್ಟಿಕ್ ಹಾಳೆಯನ್ನು ಕಿಟಕಿಗೆ ಹಿಡಿದು, ಮೂಗು ತಾಗುವಷ್ಟು ಹತ್ತಿರ,
ಪೊರೆಯೊಳಗಿಂದ ಬಹಳ ಹೊತ್ತು ನೋಡಿದರು.
"ಕೂದಲಾ ನೋಡು, ಹೆಂಗ ಕರ್ರಗ."
ಯಾವುದು ನೆಗೆಟಿವ್ ಎಂದು ಅವರಿಗೆ ನಾನು ಹೇಳಬೇಕೆ?
"ಅದನ್ನ ಹುಡುಗಗ ಕೊಡು," ಅಂದರು,
"ಗ್ವಾಡಿಗೆ ಬೇಕಂತ ಅವರಿಗೆ."
ಕೈಯಲ್ಲಿದ್ದುದನ್ನು ಫೋಟೋ ಕಾಗದದ ಹಳೆಯ ಕರಿ ಚೀಲಕ್ಕೆ ತೂರಿಸಿ
ಬೆಳಕು ತಾಗಬಾರದೆಂಬಂತೆ
ಬಾಯಿಯನ್ನು ಎರಡು ಸಲ ಮಡಚಿದರು.